ಮೂರು ನಿಮಿಷದ ತಟ್ಟೆಯೂ ಕುಂದಗೋಳದ ವಾಡೆಯೂ

ಸಂಗೀತದ ಇತಿಹಾಸವನ್ನು ಬರೆಯುವವರು ಗುರುಶಿಷ್ಯರ ಹೆಸರುಗಳನ್ನು ಹಾರದಂತೆ ಪೋಣಿಸುವದು ವಾಡಿಕೆ. ಇಂಥ ಖಾನಸಾಹೇಬರಿಂದ ಇಂಥ ಬುವಾ ಕಲಿತರು, ಅವರಿಂದ ಇಂಥ ಪಂಡಿತರು ಕಲಿತರು ಎಂದು ಹೇಳಿದರೆ ಒಂದು ಘರಾಣೆಯ ಚರಿತ್ರೆ ಮುಗಿದಂತೆಯೇ ಎಂದು ನಾವು ತಿಳಿಯುತ್ತೇವೆ. ನಮ್ಮ ಧಾರವಾಡ ಜಿಲ್ಲೆಯ ಸಂಗೀತವನ್ನು ಕುರಿತು ಹೀಗೆ ಬರೆಯಹೊರಟರೆ ಹಾರದ ನಡುವಿನ ಒಂದು ಮಣಿ ತಪ್ಪಿಹೋಗುತ್ತದೆ. ಆ ಮಣಿ ಮನುಷ್ಯನಲ್ಲ. ಹತ್ತು ಅಂಗುಲ ಅಗಲದ, ಕರಿಯ ಬಣ್ಣದ, ಕೈ ಜಾರಿದರೆ ಚೂರುಚೂರಾಗುವ ಅರಗಿನ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ ಈ ಗ್ರಾಮಾಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷದ ಹಾಡು. ರಾತ್ರಿಯಿಡೀ ಕುಳಿತು ಒಂದೊಂದು ಸ್ವರವನ್ನು ಸವಿಯುವ ಸಂಗೀತಕ್ಕೆ ಈ ಮೂರು ನಿಮಿಷ ಎಲ್ಲಿಯ ಲೆಕ್ಕ? ಆದರೂ ಇಷ್ಟು ಚಿಕ್ಕ ತಟ್ಟೆಗೆ ನಮ್ಮ ಹಳ್ಳಿಪಟ್ಟಣಗಳಲ್ಲಿ ಎಂಥ ನಿಷ್ಠಾವಂತ ರಸಿಕರ ಬಳಗ ಹುಟ್ಟಿಕೊಂಡಿತು, ಆ ಬಳಗದಿಂದ ಏನು ಬೆಳೆ ಬಂದಿತು ಎಂಬುದನ್ನು ಕುಂದಗೋಳವನ್ನು ಕಣ್ಣಮುಂದಿಟ್ಟುಕೊಂಡು ವಿಚಾರಿಸುವದು ಈ ಲೇಖನದ ಉದ್ದೇಶ.

ಭರತಖಂಡದಲ್ಲಿ ಈ ತಟ್ಟೆಯ ಕಥೆ 1902ರಲ್ಲಿ ಆರಂಭವಾಗುತ್ತದೆ. ಆ ವರ್ಷ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣಕಾರನು ಗ್ರಾಮಾಫೋನ್ ಕಂಪನಿಯ ಪರವಾಗಿ ಕಲಕತ್ತೆಗೆ ಬಂದಿಳಿದನು. ಅವನ ಮುಂದೆ ಹಾಡಿದವರಲ್ಲಿ ಹೆಸರಾದವಳು ಗೌಹರ್ ಜಾನ್. ಅಂದು ಮೈಕ್ರೋಫೋನ್ ಇರಲಿಲ್ಲ. ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಹಾಡು ಮುಗಿದೊಡನೆ ಹಾಡಿದವರು ತಮ್ಮ ಹೆಸರನ್ನು ತಾವೇ ಕೂಗಿ ಹೇಳಬೇಕು. ಮುದ್ರಿಸಿಕೊಂಡ ಧ್ವನಿ ಹಡಗನ್ನೇರಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಅಚ್ಚಾಗಿ, ಮತ್ತೆ ಹಡಗಿನಲ್ಲಿಯೇ ನಮ್ಮ ಪೇಟೆಗಳಿಗೆ ಬರುತ್ತಿದ್ದಿತು. ಕಲಕತ್ತೆಯ ಸಿಯಾಲ್ದಾದಲ್ಲಿ ಕಾರಖಾನೆ ತೆರೆದದ್ದು 1908ರಲ್ಲಿ. ಮೊದಲ ತಟ್ಟೆಗಳಿಂದ ದೇಶವನ್ನೆಲ್ಲ ಮರುಳುಗೊಳಿಸಿದ ಗೌಹರ್ ಜಾನಳ ಕೊನೆಯ ದಿನಗಳು ಕಳೆದದ್ದು ನಮ್ಮ ಕನ್ನಡ ನಾಡಿನಲ್ಲಿಯೇ ಎಂಬುದು ನೆನಪಿಡಬೇಕಾದ ಸಂಗತಿ. 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಅವಳು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು.

ಈ ಯಂತ್ರ ನಮ್ಮ ಸೀಮೆಗೆ ಒಗ್ಗಿಕೊಂಡುದಕ್ಕೆ ಒಂದು ಸರಳವಾದ ಕಾರಣವಿದೆ. ಅದಕ್ಕೆ ವಿದ್ಯುತ್ತು ಬೇಕಾಗಿರಲಿಲ್ಲ. ಹಿಡಿಕೆಯನ್ನು ತಿರುವಿ ಸ್ಪ್ರಿಂಗಿಗೆ ಕೀಲಿ ಕೊಟ್ಟರೆ ಸಾಕು, ತಟ್ಟೆ ತಿರುಗುತ್ತಿದ್ದಿತು. ದೀಪದ ಎಣ್ಣೆಯ ಬೆಳಕಿನಲ್ಲಿದ್ದ ನವಲಗುಂದವಾಗಲಿ, ಕಲಘಟಗಿಯ ಮಲೆಯಂಚಿನ ಹಳ್ಳಿಯಾಗಲಿ, ಅಲ್ಲಿಗೆ ಈ ಯಂತ್ರ ತಲೆಯ ಮೇಲೆ ಹೊರೆಯಾಗಿ ಹೋಗಬಹುದಾಗಿದ್ದಿತು. ಕೊಳ್ಳುವ ಶಕ್ತಿ ಇದ್ದದ್ದು ದೇಸಾಯರಿಗೆ, ಗೌಡರಿಗೆ, ವಕೀಲರಿಗೆ, ಪೇಟೆಯ ದೊಡ್ಡ ಅಂಗಡಿಯವರಿಗೆ. ಕೇಳುವ ಹಕ್ಕು ಮಾತ್ರ ಓಣಿಯವರೆಲ್ಲರಿಗೂ ದೊರೆಯುತ್ತಿದ್ದಿತು. ಪಡಸಾಲೆಯಲ್ಲಿ ನವಲಗುಂದದ ಜಮಖಾನೆ ಹಾಸಿ ಕುಳಿತವರು ಒಳಗಿನ ರಸಿಕರು. ಕಟ್ಟೆಯ ಮೇಲೆ, ಕಿಡಕಿಯ ಹೊರಗೆ ನಿಂತವರು ಹೊರಗಿನ ರಸಿಕರು. ಉಕ್ಕಿನ ಸೂಜಿ ಒಂದು ಮಗ್ಗುಲು ಬಾರಿಸುವಷ್ಟರಲ್ಲಿ ಸವೆಯುತ್ತಿದ್ದಿತು. ಅದನ್ನು ಬದಲಿಸದೆ ಮತ್ತೆ ಮತ್ತೆ ಹಾಕಿದರೆ ತಟ್ಟೆಯ ಗೆರೆಗಳೇ ಸವೆದು ಹಾಡು ಕರಕರ ಎನ್ನುತ್ತಿದ್ದಿತು. ಹೆಚ್ಚು ಪ್ರೀತಿಸಿದ ತಟ್ಟೆಯೇ ಬೇಗ ಹಾಳಾಗುವದು ಈ ಯಂತ್ರದ ಧರ್ಮ. ಇಂದು ಅಟ್ಟದ ಮೇಲೆ ಸಿಕ್ಕುವ ಹಳೆಯ ತಟ್ಟೆಗಳಲ್ಲಿ ಯಾವುದು ಅತ್ಯಂತ ಸವೆದಿದೆಯೋ ಅದೇ ಆ ಮನೆಯವರ ಅತ್ಯಂತ ಇಷ್ಟದ ಹಾಡಾಗಿದ್ದಿತೆಂದು ಧಾರಾಳವಾಗಿ ಹೇಳಬಹುದು.

ಗವಾಯಿಗಳೆಲ್ಲರೂ ಈ ಹೊಸ ಸಾಧನವನ್ನು ಬರಮಾಡಿಕೊಂಡರೆಂದು ತಿಳಿಯಬಾರದು. ವರ್ಷಾನುಗಟ್ಟಲೆ ಗುರುವಿನ ನೀರು ಹೊತ್ತು ಸಂಪಾದಿಸಿದ ಚೀಜನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟವನು ಒಯ್ಯುವನಲ್ಲ ಎಂಬ ಅಳುಕು ಹಲವರಿಗಿದ್ದಿತು. ಕುಂಬಾರನಂತೆ ತಿಗರಿಯ ಮೇಲೆ ನಿಧಾನವಾಗಿ ರಾಗವನ್ನು ಏರಿಸುವವನಿಗೆ ಮೂರು ನಿಮಿಷದ ಗಡುವು ಅವಮಾನವೆನಿಸಿದ್ದರೂ ಆಶ್ಚರ್ಯವಿಲ್ಲ. ಜಯಪುರ ಘರಾಣೆಯ ಮೂಲಪುರುಷರಾದ ಅಲ್ಲಾದಿಯಾ ಖಾನರು 1946ರವರೆಗೆ ಬದುಕಿದ್ದರೂ ಅವರ ಕಂಠದ ಒಂದು ತಟ್ಟೆಯೂ ನಮಗೆ ಉಳಿಯಲಿಲ್ಲ. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಶಿಕ್ಷಕರಾಗಿದ್ದು, ಈ ಭಾಗದಲ್ಲಿ ಹಿಂದುಸ್ತಾನಿ ಗಾನದ ಅಭಿರುಚಿಯನ್ನು ಬಿತ್ತಿದ ಭಾಸ್ಕರಬುವಾ ಬಖಲೆಯವರು 1922ರಲ್ಲಿ ಕಾಲವಾದರು. ಅವರ ಹಾಡುಗಾರಿಕೆಯನ್ನೂ ನಾವು ಕೇಳಿದವರ ಮಾತಿನಿಂದಲೇ ಊಹಿಸಬೇಕಾಗಿದೆ.

ಇಂಥ ಕಾಲದಲ್ಲಿ ತಟ್ಟೆಯನ್ನು ತನ್ನದಾಗಿಸಿಕೊಂಡ ಮಹಾ ಗಾಯಕರೆಂದರೆ ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನಸಾಹೇಬರು. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿ, ಬರೋಡೆಯ ದರಬಾರನ್ನು ಬಿಟ್ಟು ದಕ್ಷಿಣಕ್ಕೆ ಬಂದು, ಕೊನೆಗೆ ಮೀರಜನ್ನು ಮನೆಯಾಗಿಸಿಕೊಂಡ ಅವರಿಗೆ ಮೀರಜ–ಹುಬ್ಬಳ್ಳಿ–ಮೈಸೂರಿನ ಹಾದಿ ಚಿರಪರಿಚಿತವಾಗಿದ್ದಿತು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದವರು ಅವರು. ತ್ಯಾಗರಾಜರ ಕೃತಿಯನ್ನು ಕಲಿತು ತಟ್ಟೆಯ ಮೇಲೆ ಹಾಡಿದ ಹಿಂದುಸ್ತಾನಿ ಗವಾಯಿಯೂ ಅವರೇ. ಶತಮಾನದ ಆದಿಯಲ್ಲಿ ಒಮ್ಮೆ, 1930ರ ದಶಕದಲ್ಲಿ ಓಡಿಯನ್ ಕಂಪನಿಗಾಗಿ ಮತ್ತೊಮ್ಮೆ ಅವರ ಹಾಡುಗಳು ಮುದ್ರಿತವಾದವು. ಭೈರವಿಯ ಠುಮರಿ, ಝಿಂಝೋಟಿಯ ಠುಮರಿ ಇವು ಊರೂರಿಗೆ ಹೋದವು.

ಈ ತಟ್ಟೆಗಳು ಜನರನ್ನು ಹಿಡಿದುದೇಕೆ? ಕಿರಾಣಾ ಗಾಯಕಿಯ ಪ್ರಾಣವೆಂದರೆ ಸ್ವರ. ಲಯದ ಲೆಕ್ಕಾಚಾರವನ್ನು ಬೆರಗುಗೊಳಿಸುವಂತೆ ತೋರಿಸುವದಕ್ಕಿಂತ ಒಂದು ಗಾಂಧಾರವನ್ನು ಅದರ ನಿಜವಾದ ಜಾಗದಲ್ಲಿ ಹಚ್ಚಿ ಅಲ್ಲಿಯೇ ನಿಲ್ಲುವದು ಅದರ ರೀತಿ. ಲಯದ ಚಮತ್ಕಾರ ತಿಳಿಯಲು ತಾಳದ ಜ್ಞಾನ ಬೇಕು. ಸುರೇಲಾದ ಒಂದು ಸ್ವರ ಎದೆಗೆ ತಾಗಲು ಯಾವ ಶಾಸ್ತ್ರವೂ ಬೇಡ. ಆದುದರಿಂದ ಪೂರ್ಣ ಖ್ಯಾಲು ಮೂರು ನಿಮಿಷದಲ್ಲಿ ಹಿಡಿಸದಿದ್ದರೂ ಖಾನಸಾಹೇಬರ ಸ್ವರ ಹಿಡಿಸಿತು. ಶಾಸ್ತ್ರವರಿಯದ ಹೊಲದ ಮನುಷ್ಯನೂ ಆ ಸ್ವರದೆದುರು ಸುಮ್ಮನೆ ನಿಂತನು. ಆದರೆ ಅಷ್ಟರಲ್ಲಿ ತಟ್ಟೆ ಮುಗಿದುಹೋಗುತ್ತಿದ್ದಿತು. ಈ ಅಪೂರ್ಣತೆಯೇ ಮುಂದಿನ ಕಥೆಗೆಲ್ಲ ಮೂಲ.

ಆ ಕಥೆಯಲ್ಲಿ ಎಲ್ಲರಿಗೂ ತಿಳಿದಿರುವದು ಭೀಮಸೇನ ಜೋಶಿಯವರ ಪ್ರಸಂಗ. 1922ರಲ್ಲಿ ರೋಣದಲ್ಲಿ ಹುಟ್ಟಿ, ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ಗದಗಿನಲ್ಲಿ ಬೆಳೆದ ಆ ಹುಡುಗನ ಕಿವಿಗೆ ಖಾನಸಾಹೇಬರ ಝಿಂಝೋಟಿಯ ಠುಮರಿಯ ತಟ್ಟೆ ಬಿದ್ದಿತು. ಹೀಗೆ ಹಾಡುವದನ್ನು ಕಲಿಯಬೇಕೆಂಬ ಹುಚ್ಚು ಹತ್ತಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದ ಹುಡುಗ ಗ್ವಾಲಿಯರವರೆಗೆ, ಅಲ್ಲಿಂದಲೂ ಮುಂದೆ ಜಾಲಂಧರದವರೆಗೆ ಅಲೆದನು. ಶಾಲಾ ಶಿಕ್ಷಕರಾಗಿದ್ದ ತಂದೆ ಪತ್ತೆ ಹಚ್ಚಿ ಮರಳಿ ಕರೆತಂದರು. ಇಷ್ಟು ದೇಶ ಸುತ್ತಿ ಬಂದವನಿಗೆ ಕೊನೆಗೆ ಗುರು ದೊರೆತದ್ದು ಮನೆಯ ಹತ್ತಿರದಲ್ಲಿಯೇ. ಗದಗಿನ ರೈಲನ್ನೇರಿ ಅಣ್ಣಿಗೇರಿಯನ್ನು ದಾಟಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಕೆಲವೇ ಹರದಾರಿ ಹೋದರೆ ಸಿಕ್ಕುವ ಊರು ಕುಂದಗೋಳ. ತಟ್ಟೆಯಲ್ಲಿ ಹಾಡಿದ್ದ ಖಾನಸಾಹೇಬರ ಪಟ್ಟಶಿಷ್ಯರು ಅಲ್ಲಿಯೇ ಇದ್ದರು.

ಇಂದು ಧಾರವಾಡ ಜಿಲ್ಲೆಯ ತಾಲೂಕಾಗಿರುವ ಕುಂದಗೋಳ ಸ್ವಾತಂತ್ರ್ಯದ ಮೊದಲು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆ, ನಡುವೆ ಪಟವರ್ಧನರ ಈ ತುಂಡು ಸೀಮೆ. ಅಲ್ಲಿಯ ನಾಡಿಗೇರ ಮನೆತನ ಸಂಗೀತಕ್ಕೆ ಆಶ್ರಯ ಕೊಟ್ಟ ಮನೆತನ. ಅವರಲ್ಲಿ ಕಾರಕೂನರಾಗಿದ್ದ ಗಣೇಶರಾಯರ ಮಗ ರಾಮಚಂದ್ರ. 1886ರಲ್ಲಿ ಹುಟ್ಟಿದ ಈ ಹುಡುಗ ಅಬ್ದುಲ್ ಕರೀಮ್ ಖಾನರ ಬಳಿ ಸುಮಾರು ಎಂಟು ವರ್ಷ ತಾಲೀಮು ಪಡೆದು, ಮರಾಠಿ ರಂಗಭೂಮಿಯನ್ನು ಹೊಕ್ಕು, ನಾಟ್ಯಕಲಾ ಪ್ರವರ್ತಕ ಮಂಡಳಿಯಲ್ಲಿ ಸ್ತ್ರೀಪಾತ್ರಗಳಿಂದ ಕೀರ್ತಿ ಗಳಿಸಿದನು. ಅಮರಾವತಿಯಲ್ಲಿ ದಾದಾಸಾಹೇಬ ಖಾಪರ್ಡೆಯವರು ಈತನನ್ನು 'ಸವಾಯಿ ಗಂಧರ್ವ' ಎಂದು ಕರೆದರು. ಬಾಲಗಂಧರ್ವರು ಒಂದಾದರೆ ಈತ ಒಂದೂಕಾಲು ಎಂಬ ಅಭಿಮಾನ ಆ ಹೆಸರಿನಲ್ಲಿದೆ. ರಂಗಭೂಮಿಯ ಬಾಳು ಮುಗಿದ ಬಳಿಕ ರಾಮಭಾವು ಕುಂದಗೋಳಕರರು ಊರಿಗೆ ಮರಳಿದರು, ಊರು ಗುರುಕುಲವಾಯಿತು.

ತಟ್ಟೆ ಕೇಳಿ ಬಂದವರಿಗೆ ಇಲ್ಲಿ ಕಾದಿದ್ದದ್ದು ತಟ್ಟೆಗೆ ತೀರ ವಿರುದ್ಧವಾದ ಒಂದು ಜಗತ್ತು. ಭೀಮಸೇನರು 1936ರಿಂದ ನಾಲ್ಕು ವರ್ಷ ಗುರುಗಳ ಮನೆಯಲ್ಲಿದ್ದು ಮನೆಗೆಲಸ ಮಾಡಿದರು, ನೀರು ಹೊತ್ತರು. ಕಲಿಸಿದ್ದು ಎಷ್ಟು ರಾಗ? ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಕಲಿಯುತ್ತಿದ್ದ ಗಂಗೂಬಾಯಿ ಹಾನಗಲ್ಲರೂ ಒಂದೇ ಪಲ್ಟಾವನ್ನು ತಿಂಗಳಾನುಗಟ್ಟಲೆ ತಿದ್ದಬೇಕಾಯಿತು. ಒಂದು ಸ್ವರ ತನ್ನ ಸ್ಥಾನದಲ್ಲಿ ಕೂಡುವವರೆಗೆ ಮುಂದಿನ ಸ್ವರವಿಲ್ಲ. ಮುಂಬಯಿಯಿಂದ ಬಂದ ಪಾರಸಿ ತರುಣ ಫಿರೋಜ್ ದಸ್ತೂರರು ಸಿನಿಮಾದಲ್ಲಿ ಹೆಸರು ಮಾಡಿದ ನಟರು. ಅವರಿಗೂ ಅದೇ ಪಾಠ. ಕುಂದಗೋಳ ತಾಲೂಕಿನ ಯಲಿವಾಳದಲ್ಲಿ ಹುಟ್ಟಿ ಪಂಚಾಕ್ಷರಿ ಗವಾಯಿಗಳಲ್ಲಿ ಬೆಳೆದ ಬಸವರಾಜ ರಾಜಗುರುಗಳೂ ಈ ಬಾವಿಯ ನೀರು ಕುಡಿದವರೇ. ಮೂರು ನಿಮಿಷದ ತಟ್ಟೆ ಹುಟ್ಟಿಸಿದ ಹಸಿವನ್ನು ಮೂರು ಸ್ವರಗಳ ಮೂರು ವರ್ಷದ ಅಭ್ಯಾಸದಿಂದ ತಣಿಸುವ ಕೆಲಸ ಕುಂದಗೋಳದಲ್ಲಿ ನಡೆಯಿತು.

ಇಲ್ಲಿ ಒಂದು ಅನ್ಯಾಯವನ್ನೂ ಹೇಳಬೇಕು. ಸವಾಯಿ ಗಂಧರ್ವರೂ ತಟ್ಟೆಗಳಿಗೆ ಹಾಡಿದ್ದಾರೆ. ಆ ಕೆಲವೇ ತಟ್ಟೆಗಳನ್ನು ಕೇಳಿ ಇಂದಿನ ತರುಣರು, ಶಿಷ್ಯರ ಎದುರಿಗೆ ಗುರು ಚಿಕ್ಕವರಾಗಿ ಕಾಣುತ್ತಾರಲ್ಲ ಎಂದು ಕೇಳುವದುಂಟು. ಈ ಪ್ರಶ್ನೆಗೆ ಉತ್ತರ ಗುರುಗಳ ಕಂಠದಲ್ಲಿಯೇ ಇದೆ. ಅವರದು ಹುಟ್ಟಿನಿಂದ ಬಳುಕುವ ಕಂಠವಲ್ಲ. ದುಡಿದು ಪಳಗಿಸಿದ ಕಂಠ. ಬೈಠಕಿಯಲ್ಲಿ ಮೊದಲಿಗೆ ಮೊಂಡಾಡಿ, ಕಾಯುತ್ತ ಕಾಯುತ್ತ ತೆರೆದುಕೊಳ್ಳುವದು ಅದರ ಸ್ವಭಾವವೆಂದು ಕೇಳಿದವರು ಹೇಳುತ್ತಾರೆ. ಅಂಥ ಕಂಠ ತನ್ನ ನಿಜರೂಪ ತೋರುವಷ್ಟರಲ್ಲಿ ತಟ್ಟೆ ಹತ್ತು ಸಲ ಮುಗಿದಿರುತ್ತದೆ. ಒಲೆಗೆ ಬೆಂಕಿ ಹಚ್ಚಿದ ಮೂರನೆಯ ನಿಮಿಷಕ್ಕೆ ಅನ್ನದ ರುಚಿ ಕೇಳಿದಂತೆ ಇದು. ಖಾನಸಾಹೇಬರಿಗೆ ತಟ್ಟೆ ಒಲಿಯಿತು. ಅವರ ಶಿಷ್ಯರಿಗೆ ಅಷ್ಟು ಒಲಿಯಲಿಲ್ಲ. ಅದೇ ಶಿಷ್ಯರು ತಮ್ಮ ಗುರುವಿನ ತಟ್ಟೆ ಕೇಳಿ ಹುಚ್ಚಾಗಿ ಬಂದ ಹುಡುಗನನ್ನು ಗಾಯಕನನ್ನಾಗಿ ಮಾಡಿದರು. ತಟ್ಟೆಗಳನ್ನು ಎಣಿಸಿ ಗವಾಯಿಯ ಎತ್ತರವನ್ನು ಅಳೆಯುವವರು ಸವಾಯಿ ಗಂಧರ್ವರನ್ನು ಎಂದಿಗೂ ಅಳೆಯಲಾರರು. 1942ರಲ್ಲಿ ಪಾರ್ಶ್ವವಾಯು ಬಡಿದು ಅವರ ಹಾಡು ನಿಂತಿತು. 1952ರ ಸಪ್ಟೆಂಬರ 12ರಂದು ಪುಣೆಯಲ್ಲಿ ಅವರು ನಿಧನರಾದಾಗ ಉಳಿದದ್ದು ಒಂದಿಷ್ಟು ಅರಗಿನ ತಟ್ಟೆಗಳು ಮತ್ತು ದೇಶವನ್ನೇ ತುಂಬಿದ ಶಿಷ್ಯರ ದನಿಗಳು.

ಆದರೆ ತಟ್ಟೆಯಿಂದ ಬೇರೆ ಯಾವುದರಿಂದಲೂ ಆಗದ ಒಂದು ಉಪಕಾರವಾಗಿದೆ. ಗಂಗೂಬಾಯಿಯವರ ದನಿಯನ್ನೇ ತೆಗೆದುಕೊಳ್ಳಿರಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಎಳೆಯ ಬಾಲಕಿಯಾಗಿ ಸ್ವಾಗತಗೀತೆ ಹಾಡಿದ ಅವರು, 1930ರ ದಶಕದ ಮೊದಲ ಭಾಗದಲ್ಲಿಯೇ ಎಚ್‌ಎಮ್‌ವಿ ಕಂಪನಿಯ ತಟ್ಟೆಗಳಿಗೆ ಹಾಡಿದರು. ಆ ತಟ್ಟೆಗಳ ಮೇಲೆ ಅಚ್ಚಾದ ಹೆಸರು 'ಗಾಂಧಾರಿ'. ಹುಬ್ಬಳ್ಳಿಯ ಈ ಗಾಂಧಾರಿಯ ಕಂಠ ತೆಳುವಾದ, ಎತ್ತರದ, ಹೆಣ್ಣುಮಕ್ಕಳ ಕಂಠ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯ ಅನಂತರ ಆ ದನಿ ಒಡೆದು, ಗಂಡುದನಿಯಂಥ ಗಂಭೀರ ನಾದವಾಯಿತು. ನಾಡು ಪೂಜಿಸಿದ್ದು ಈ ಎರಡನೆಯ ದನಿಯನ್ನು. ಮೊದಲಿನ ದನಿ ಇದ್ದಿತೆಂಬುದಕ್ಕೆ ಈ ತಟ್ಟೆಗಳಿಲ್ಲದಿದ್ದರೆ ಸಾಕ್ಷಿಯೇ ಇರುತ್ತಿರಲಿಲ್ಲ. ಒಂದು ದನಿಯನ್ನು ಕಳೆದುಕೊಂಡವರು ಎದೆಗುಂದದೆ ಇನ್ನೊಂದು ದನಿಯನ್ನು ದುಡಿದು ಕಟ್ಟಿಕೊಂಡ ಕಥೆಯ ಮೊದಲ ಪುಟ ಗಾಂಧಾರಿಯ ತಟ್ಟೆಯಲ್ಲಿದೆ. ಹಾಡಿನ ಪುಸ್ತಕದಲ್ಲಾಗಲಿ ಗುರುಗಳ ಪಾಠದಲ್ಲಾಗಲಿ ಅದು ಸಿಕ್ಕಲಾರದು.

ಚಿಕ್ಕ ತಟ್ಟೆಯಿಂದ ದೊಡ್ಡ ಹಸಿವು ಹುಟ್ಟುವದು ನಮ್ಮ ನಾಡಿಗೆ ಮಾತ್ರ ಸೇರಿದ ಮಾತಲ್ಲ. ಇಂದು ಜಗತ್ತಿನ ತರುಣರೆಲ್ಲ ಹಿಪ್ ಹಾಪ್ ಎಂದು ಕುಣಿಯುವ ಸಂಗೀತದ ಹುಟ್ಟನ್ನು ನೋಡಿದರೆ ಅಲ್ಲಿಯೂ ತಟ್ಟೆಯೇ ಕಾಣುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಕೇರಿಯಲ್ಲಿ, 1973ರ ಆಗಸ್ಟ 11ರಂದು, ಜಮೈಕಾದಿಂದ ಬಂದು ನೆಲೆಸಿದ ಕುಟುಂಬದ ಕೂಲ್ ಹರ್ಕ್ ಎಂಬ ತರುಣನು ತಂಗಿಯೊಡನೆ ಏರ್ಪಡಿಸಿದ ಕೂಟದಲ್ಲಿ ತಟ್ಟೆಗಳನ್ನು ಬಾರಿಸಿದನು. ಹಾಡಿನ ನಡುವೆ ಬರೀ ತಾಳವಾದ್ಯ ಉಳಿಯುವ ಕೆಲವು ಕ್ಷಣಗಳಿಗೆ ಜನ ಹುಚ್ಚೆದ್ದು ಕುಣಿಯುವದನ್ನು ಅವನು ಗಮನಿಸಿದ್ದನು. ಆ ಕ್ಷಣಗಳನ್ನು ಬೆಳೆಸಲು ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಮುಗಿದೊಡನೆ ಇನ್ನೊಂದರಲ್ಲಿ ಆರಂಭಿಸುವ ಉಪಾಯ ಕಂಡುಹಿಡಿದನು. ಆ ಉದ್ದವಾದ ತಾಳದ ಮೇಲೆ ಮಾತು ಪೋಣಿಸುವವರು ಬಂದರು. ಅಲ್ಲಿಯ ಹುಡುಗರು ತಟ್ಟೆಯ ಚುಟುಕುತನವನ್ನು ಇನ್ನೊಂದು ತಟ್ಟೆಯಿಂದ ಗೆದ್ದರು. ನಮ್ಮ ಹುಡುಗರು ಗುರುವಿನ ಮನೆಯ ಬಾಗಿಲು ತಟ್ಟಿ ಗೆದ್ದರು. ದಾರಿ ಬೇರೆಯಾದರೂ, ಸಾಲದೆಂಬ ಅತೃಪ್ತಿಯೇ ಎರಡೂ ಕಡೆಗೆ ಹೊಸದನ್ನು ಕಟ್ಟಿತು.

ನಮ್ಮಲ್ಲಿ ತಟ್ಟೆಯ ಯುಗ ಮೆಲ್ಲನೆ ಮುಗಿಯಿತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾಗಿ, ಅದೇ ಗವಾಯಿಗಳ ದನಿ ಮೂರು ನಿಮಿಷದ ಗಡುವಿಲ್ಲದೆ ಹಳ್ಳಿಗಳಿಗೆ ಬಂದಿತು. ಉದ್ದನೆಯ ಲಾಂಗ್‌ಪ್ಲೇ ತಟ್ಟೆಗಳು ಬಂದವು. 1970ರ ಸುಮಾರಿಗೆ 78 ಸುತ್ತಿನ ತಟ್ಟೆಗಳ ತಯಾರಿಕೆ ನಮ್ಮ ದೇಶದಲ್ಲಿ ನಿಂತುಹೋಯಿತು. ಬಳಗ ಮಾತ್ರ ಚದುರಲಿಲ್ಲ. 1953ರಲ್ಲಿ ಶಿಷ್ಯರು ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವರ ಪುಣ್ಯತಿಥಿಯ ಉತ್ಸವ ದೇಶದ ಅತಿ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದಾಗಿ ಬೆಳೆಯಿತು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಅವರ ನೆನಪಿನ ಸಂಗೀತ ಅಹೋರಾತ್ರಿ ನಡೆಯುವ ಸಂಪ್ರದಾಯ ಬೆಳೆಯಿತು. ಪುಣೆಯಲ್ಲಿ ಸಾವಿರಾರು ಜನರ ಮಂಟಪವಾದರೆ ಇಲ್ಲಿ ಹಳೆಯ ಮರದ ಕಂಬಗಳ ನಡುವಣ ಜಮಖಾನೆ. ಹಾಡುವವನಿಗೂ ಕೇಳುವವನಿಗೂ ನಡುವೆ ಎರಡು ಮಾರು ಅಂತರ.

ಈ ಎಲ್ಲದರಿಂದ ನಾವು ತಿಳಿಯಬೇಕಾದುದೇನು? ಯಂತ್ರ ಬಂದಿತೆಂದರೆ ವಿದ್ಯೆ ಕೆಟ್ಟಿತೆಂಬ ಕೂಗು ಅಂದೂ ಇದ್ದಿತು, ಇಂದೂ ಇದೆ. ಅಂಗೈಯಲ್ಲಿನ ಫೋನಿನಲ್ಲಿ ಜಗತ್ತಿನ ಹಾಡೆಲ್ಲ ತುಂಬಿರುವ ಈ ದಿನದಲ್ಲಿ ಆ ಕೂಗು ಇನ್ನೂ ಜೋರಾಗಿದೆ. ಕುಂದಗೋಳದ ಇತಿಹಾಸ ಈ ಕೂಗಿಗೆ ಪೂರ್ತಿ ಒಪ್ಪುವದಿಲ್ಲ, ಪೂರ್ತಿ ತಳ್ಳಿಯೂ ಹಾಕುವದಿಲ್ಲ. ತಟ್ಟೆ ಬಂದುದರಿಂದ ಗದಗಿನ ಹುಡುಗನಿಗೆ ಕೈರಾನಾದ ಸ್ವರ ಕೇಳಿಸಿತು. ಇದು ಯಂತ್ರದ ಪುಣ್ಯ. ಆ ಹುಡುಗ ಕೇಳಿ ತಲೆದೂಗಿ ಸುಮ್ಮನಾಗಿದ್ದರೆ ಒಬ್ಬ ರಸಿಕ ಹೆಚ್ಚಾಗುತ್ತಿದ್ದನು, ಅಷ್ಟೇ. ಅವನು ಎದ್ದು ಹೊರಟನು. ಹೊರಟವನನ್ನು ಕೂರಿಸಿ ಕಲಿಸಲು ಒಂದು ಸಣ್ಣ ಊರಿನಲ್ಲಿ ಒಬ್ಬ ಗುರು ಇದ್ದರು, ಆ ಗುರುವಿಗೆ ನೆರಳಾಗಿ ಒಂದು ವಾಡೆ ಇದ್ದಿತು. ಇಂದು ತಟ್ಟೆಗಳಿಗೆ ಬರವಿಲ್ಲ. ಬರ ಬಂದಿರುವದು ಹೊರಡುವವರಿಗೋ, ಕೂರಿಸಿ ಕಲಿಸುವ ಮನೆಗಳಿಗೋ ಎಂಬುದನ್ನು ನಾವು ವಿಚಾರಿಸಿಕೊಳ್ಳಬೇಕು.

ಕೊನೆಯದಾಗಿ ವಾಚಕರಲ್ಲಿ ಒಂದು ಬಿನ್ನಹ. ನಮ್ಮ ತಾಲೂಕುಗಳ ಹಳೆಯ ಮನೆಗಳ ಅಟ್ಟಗಳಲ್ಲಿ, ಕಾಳಿನ ಚೀಲಗಳ ಮರೆಯಲ್ಲಿ, ಇಂಥ ತಟ್ಟೆಗಳು ಇನ್ನೂ ಬಿದ್ದಿವೆ. ಗುಜರಿಗೆ ಹಾಕಿದರೆ ಅವುಗಳಿಂದ ಬರುವ ದುಡ್ಡು ಒಂದು ಹೊತ್ತಿನ ಚಹಕ್ಕೂ ಸಾಲದು. ಮನೆ ಕೆಡವುವಾಗ, ಪಾಲು ಹಂಚುವಾಗ ಒಡೆದು ತಿಪ್ಪೆ ಸೇರುವದಕ್ಕಿಂತ ಮುಂಚೆ ಅವುಗಳನ್ನು ಕೆಳಗಿಳಿಸಿರಿ. ಒಂದರ ಮೇಲೊಂದು ಮಲಗಿಸಿ ಭಾರ ಹೇರಬೇಡಿರಿ. ಬಿಸಿಲು ತಾಗದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿರಿ. ಮೇಲಿನ ಚೀಟಿಯಲ್ಲಿಯ ಹೆಸರು, ಅಂಕೆಗಳನ್ನು ಬರೆದಿಟ್ಟುಕೊಳ್ಳಿರಿ. ಬಲ್ಲವರಿಂದ ಒಂದು ಸಲವಾದರೂ ಹೊಸ ಸಾಧನಗಳಿಗೆ ಪ್ರತಿ ಮಾಡಿಸಿರಿ. ಕೇಳುವಾಗ ಕರಕರ ಸದ್ದು ಬಂದರೆ ಬೇಸರಿಸಬೇಡಿರಿ. ನಿಮ್ಮ ಅಜ್ಜ ಅದನ್ನು ಅಷ್ಟು ಸಲ ಕೇಳಿದ್ದನೆಂಬ ಗುರುತು ಅದು.